ಬ್ಲೇಡಿನಿಂದ ಕತ್ತರಿಸಿದ ಸ್ಟೇಷನ್

ಮೊನ್ನೆ ಕಲ್ಯಾಣ ಸ್ಟೇಷನ್ನಿನ ಸೇತುವೆ ತೊಳೆಯುತ್ತಿದ್ದರು. ಬಕೆಟ್ಟಿನಿಂದ ಅಮೋನಿಯದ ಘಾಟು ಮೂಗಿಗೆ ಹೊಡೆಯಿತು. ಹಿಂದೆ ನಕ್ಷೆಗಳ ನೀಲಿ ಪ್ರತಿ ತೆಗೆಯುವ ಅಂಗಡಿಗಳಲ್ಲಿ ಇದೇ ವಾಸನೆ ಇರುತ್ತಿತ್ತು… ಹಿಂದೆ ಕಳವಾ ಎಂಬ ಊರಿನಲ್ಲಿ ನನ್ನ ಪಕ್ಕದ ಬಾಡಿಗೆ ಖೋಲಿಯಲ್ಲಿದ್ದ ಭೂಗೋಳದ ಮೇಷ್ಟ್ರು ನೆನಪಾದರು.

ಆಗ ನಾನು ಬದಲಾಪುರದಲ್ಲಿ ಒಬ್ಬ ಬಿಲ್ಡರನ ಫ್ಲ್ಯಾಟು ಮಾರುತ್ತಿದ್ದೆ. ಜಾಹೀರಾತಿನ ಹಾಳೆಗೆ ನಕ್ಷೆ ಬೇಕಿತ್ತು. ಮೇಷ್ಟ್ರು ಜಾಗವನ್ನೆಲ್ಲ ನಡೆದು ನೋಡಿ ಟ್ರೇಸಿಂಗ್ ಹಾಳೆಯ ಮೇಲೆ ಬರೆದುಕೊಟ್ಟರು. ಉತ್ತರದ ಬಾಣ, ಅಳತೆಯ ಗೆರೆ, ಅಡ್ಡ ಹರಿಯುವ ನಾಲಾ, ಅದನ್ನು ಸುತ್ತಿ ಹೋಗುವ ದಾರಿ. ಸ್ಟೇಷನ್ ಹಾಳೆಯ ಆ ತುದಿಯಲ್ಲಿ, ನಮ್ಮ ಕಟ್ಟಡ ಈ ತುದಿಯಲ್ಲಿ. ನನಗೆ ತಲೆ ಕೆಟ್ಟಿತು.

“ಸರ್, ಹಿಂಗ ತೋರಿಸಿದ್ರ ಗಿರಾಕಿ ಬರೂದಿಲ್ರೀ. ಸ್ಟೇಷನ್ ಸ್ವಲ್ಪ ಈಚೆ ತಗೋರಿ.”

“ಸ್ಟೇಷನ್ ಎಂತ ನಿಮ್ಮ ಮಂಚವಾ, ಎಳೀಲಿಕ್ಕೆ?” ಎಂದು ನಕ್ಕರು. “ಅಳತೆ ತಪ್ಪಿದ್ರೆ ಅದು ನಕ್ಷೆ ಅಲ್ಲ ಮಾರಾಯ್ರೆ, ರಂಗೋಲಿ.”

ನಾನು ಬ್ಲೇಡಿನಿಂದ ಸ್ಟೇಷನ್ನನ್ನು ಕತ್ತರಿಸಿ ಕಟ್ಟಡದ ಪಕ್ಕಕ್ಕೆ ಅಂಟಿಸಿದೆ. ನಾಲಾ, ಅಳತೆಯ ಗೆರೆ ಎರಡನ್ನೂ ಕೆರೆದು ತೆಗೆದೆ. ಅವರ ದುಂಡಗಿನ ಅಕ್ಷರಗಳನ್ನು ಮಾತ್ರ ಉಳಿಸಿಕೊಂಡೆ. ನೀಲಿ ಪ್ರತಿಯಲ್ಲಿ ಅಂಟು ಕಾಣಲಿಲ್ಲ.

ಆ ಹಾಳೆ ನೋಡಿ ಬಂದವರಲ್ಲಿ ಮೇಷ್ಟ್ರ ಅಕ್ಕನೂ ಇದ್ದರು. ಒಂಟಿ ಹೆಂಗಸು, ಮಂಡಿನೋವು ಬೇರೆ. “ನನ್ನ ತಮ್ಮನ ಅಕ್ಷರ, ಮತ್ತೆಂತ ನೋಡುದು?” ಎಂದರು. ನಾನು ಸ್ಟೇಷನ್ನಿನಿಂದ ಜೀಪಿನಲ್ಲಿ ಭರ್ರನೆ ಕರೆದೊಯ್ದು ತೋರಿಸಿದೆ. ಫ್ಲ್ಯಾಟು ತೆಗೆದುಕೊಂಡರು. ಮಳೆಗಾಲಕ್ಕೆ ನಾಲಾ ಉಕ್ಕಿತು, ರಿಕ್ಷಾದವರು ಬರಲೊಲ್ಲೆವು ಎಂದರು. ಸ್ಟೇಷನ್ ಎಷ್ಟು ದೂರವೆಂದು ಆಗ ತಿಳಿಯಿತು. ತಮ್ಮನೊಡನೆ ಮಾತು ಬಿಟ್ಟರು.

ಮೇಷ್ಟ್ರು ಹಾಳೆ ಹಿಡಿದು ನನ್ನ ಬಾಗಿಲಿಗೆ ಬಂದರು. ಬೈದಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ. ಬೈಯಲಿಲ್ಲ.

“ನಾನು ಹೇಳಿದ್ರೆ ಅಕ್ಕ ನೆಪ ಅಂತಾಳೆ. ನೀವೊಮ್ಮೆ ಬಂದು ಹೇಳಿ, ಸಾಕು.”

“ಮುಂದಿನ ರವಿವಾರ ಬರ್ತೀನ್ರಿ” ಎಂದೆ. ಹೋಗಲಿಲ್ಲ. ಅವರ ಮುಖ ನೋಡಲಾಗದೆ ಖೋಲಿ ಬಿಟ್ಟು ಡೊಂಬಿವಲಿಗೆ ಬಂದುಬಿಟ್ಟೆ. ಹೋದ ವರ್ಷ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿಯಿತು… ಆಗಲೂ ಹೋಗಲಿಲ್ಲ. ನನ್ನ ಮೇಲೆ ನನಗೇ ರೇಗುತ್ತದೆ.

ಮೊನ್ನೆ ಮಾತ್ರ ಮನೆಗೆ ತಿರುಗದೆ ಬದಲಾಪುರದ ಗಾಡಿ ಹತ್ತಿದೆ. ಅಕ್ಕ ಅದೇ ಫ್ಲ್ಯಾಟಿನಲ್ಲಿದ್ದರು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿಕೊಂಡರು. “ಅವನೂ ಹೇಳಿದ್ದ, ‘ನಾನಲ್ಲ ಅಕ್ಕ’ ಅಂತ. ನಂಬ್ಲಿಲ್ಲ ನಾನು. ಈಗ ನಿಮ್ಮನ್ನು ನಂಬಿ ಎಂತ ಮಾಡ್ಲಿ?”

ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಬಾಗಿಲು ಹಾಕಲಿಲ್ಲ, ಬನ್ನಿ ಎನ್ನಲೂ ಇಲ್ಲ.