ಪತ್ರಿ ಗಿಡಕ್ಕೆ ಯಾವ ನೀರು

ನಮ್ಮ ಲೇಔಟಿನ ಬಾಗಿಲಲ್ಲಿ ಒಂದು ಬೋರ್ಡಿದೆ. ಅದರಲ್ಲಿ ಸ್ವಾಗತವಿಲ್ಲ, ಸುಸ್ವಾಗತವೂ ಇಲ್ಲ. ಇರುವುದೆಲ್ಲ ನೀರಿನ ಮಾತೇ. ಮನೆ ಮುಂದೆ ಹುಲ್ಲುಹಾಸು ಬೆಳೆಸಕೂಡದು. ನಲ್ಲಿಯ ನೀರನ್ನು ಗಿಡಗಳಿಗೆ ಬಿಡಕೂಡದು, ಸ್ನಾನದ್ದೋ ಅಡುಗೆಮನೆಯದ್ದೋ ಬಳಸಿದ ನೀರನ್ನೇ ಹಾಕಬೇಕು. ಪ್ರತಿ ಮನೆಯ ಮುಂದೆ ಎರಡು ಮರ, ಮೂಲೆಯಲ್ಲಿ ಒಂದು ಮಳೆನೀರಿನ ಗುಂಡಿ. ತಪ್ಪಿದವರ ಮನೆಯ ನಲ್ಲಿ ಎರಡು ದಿನ ಬಂದ್. ಇದನ್ನೆಲ್ಲ ತೆಲುಗಿನಲ್ಲಿ ಬರೆದಿದ್ದಾರೆ. ಇದರ ಮೇಲೆ ಜಗಳವನ್ನು ಮಾತ್ರ ನಾವು ಕನ್ನಡದಲ್ಲೇ ಆಡಿದ್ದೇವೆ.

ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗದ ಹೊರಗೆ ಶೇಂಗಾ ಬೆಳೆಯುತ್ತಿದ್ದ ಹೊಲವನ್ನು ಸೈಟು ಮಾಡಿ ಹಂಚಿದಾಗ, ಲೇಔಟಿಗೆ ಒಪ್ಪಿಗೆ ಸಿಕ್ಕಿದ್ದೇ ಈ ಷರತ್ತುಗಳ ಮೇಲೆ. ಇಡೀ ಲೇಔಟಿಗೆ ಒಂದೇ ಬೋರು, ಅದೂ ಬೇಸಿಗೆಯಲ್ಲಿ ಕೆಮ್ಮುತ್ತಾ ಕೆಮ್ಮುತ್ತಾ ನೀರು ಕೊಡುವಂಥದ್ದು. ಮನೆ ಕಟ್ಟಿಸಿದವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಜೀನ್ಸ್ ಹೊಲಿಯುವವರು. ಬೋರ್ಡು ನೋಡಿ ಕೆಲವರು ಗೊಣಗಿದರು. ನನಗೆ ಮಾತ್ರ ಹುಲ್ಲುಹಾಸಿನ ಆ ಮೊದಲ ಸಾಲು ಓದಿ ಖುಷಿಯಾಯಿತು.

ಅದಕ್ಕೆ ಕಾರಣವಿದೆ. ಮದುವೆಯಾದ ಹೊಸದರಲ್ಲಿ ನಾನೂ ನನ್ನ ಗಂಡನೂ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿದ್ದೆವು. ಅದರ ಗೇಟಿನೊಳಗೆ ಕಾಲಿಟ್ಟರೆ ಕಣ್ಣು ತಂಪಾಗುವಷ್ಟು ಹಸಿರು ಹುಲ್ಲು. ಬೆಳಿಗ್ಗೆ ಸಂಜೆ ಅದಕ್ಕೆ ಪೈಪಿನಲ್ಲಿ ನೀರು. ನಾವು ಕುಡಿಯುವ ಡ್ರಮ್ಮು ಮಾತ್ರ ಮಧ್ಯಾಹ್ನದ ಊಟಕ್ಕೆ ಮೊದಲೇ ಬರಿದಾಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದನ್ನು ನಾನು ದಿನಾ ಕಣ್ಣಾರೆ ಕಂಡೆ. ಆ ಹುಲ್ಲಿನ ಮೇಲೆ ಯಾರೂ ಕೂರುವಂತಿಲ್ಲ, ಒಂದು ಕುರಿ ಬಾಯಿ ಹಾಕುವಂತಿಲ್ಲ. ಕುರಿ ಮೇಯದ ಹುಲ್ಲನ್ನು ಯಾಕೆ ಬೆಳೆಯಬೇಕು ಎಂಬುದು ಕುರಿ ಸಾಕುವ ಅಮರಾಪುರದ ಕಡೆ ಹುಟ್ಟಿದ ನನಗೆ ಇವತ್ತಿಗೂ ಅರ್ಥವಾಗಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಹೆಚ್ಚಾದ ಮೇಲೆ ಗಂಡನ ಊರಿಗೇ ವಾಪಸು ಬಂದೆವು. ಕೋಟೆ ಬೆಟ್ಟದ ಕೆಳಗೆ, ನನ್ನ ಅತ್ತೆ ಇದ್ದ ಬಾಡಿಗೆ ಮನೆಯಲ್ಲೇ ಕೆಲವು ವರ್ಷ ಇದ್ದು, ಕೊನೆಗೆ ಈ ಲೇಔಟಿನಲ್ಲಿ ಎರಡು ಕೋಣೆ ಕಟ್ಟಿಸಿದೆವು.

ಅತ್ತೆಗೆ ಹುಲ್ಲಿನ ಗೊಡವೆ ಇರಲಿಲ್ಲ. ಅವರ ಜೀವವೆಲ್ಲ ಪತ್ರಿಯಲ್ಲಿ. ಬಿಲ್ವವನ್ನು ನಮ್ಮಲ್ಲಿ ಪತ್ರಿ ಎನ್ನುತ್ತಾರೆ. ಬಾಡಿಗೆ ಮನೆಯ ಹಿತ್ತಲಲ್ಲಿ ಮನೆಯೊಡೆಯರ ಹಳೆಯ ಪತ್ರಿ ಮರವಿತ್ತು. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಹೋಗಿ ಮೂರೆಲೆಯ ದಳ ಹರಿದು ತಂದು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಅದಕ್ಕೆ ಏರಿಸುತ್ತಿದ್ದರು. ಸ್ನಾನ ಮಾಡದವರ ನೆರಳೂ ಆ ಮರದ ಮೇಲೆ ಬೀಳಬಾರದು. ಹೊಸ ಮನೆಗೆ ಹೊರಡುವ ಮೊದಲು ಅವರು ಒಂದೇ ಒಂದು ಮಾತು ಹೇಳಿದರು:

"ನಿಮ್ಮ ಟೈಲ್ಸು ನೀವೇ ಇಟ್ಕೊರ್ರಿ. ನನಗ ಒಂದು ಪತ್ರಿ ಗಿಡ ಆಗಬೇಕು. ನಾ ಕಣ್ಣು ಮುಚ್ಚೂದ್ರಾಗ ನನ್ನ ಅಂಗಳದ ಪತ್ರಿ ನನ್ನ ಲಿಂಗಕ್ಕ ಏರಬೇಕು. ಹುಟ್ಟಿದಾಗಿಂದ ಮಂದಿ ಮನಿ ಪತ್ರಿ ಏರಿಸಿ ಏರಿಸಿ, ಶಿವನೂ ನನ್ನಂಗ ಬಾಡಿಗಿಯವನೇ ಆಗ್ಯಾನ."

ನಾನು ತವರಿಗೆ ಹೋಗಿದ್ದಾಗ ಹೇಮಾವತಿಯ ಹತ್ತಿರ ನಮ್ಮಣ್ಣನ ಹೊಲದ ಬದುವಿನಲ್ಲಿ ಹುಟ್ಟಿದ್ದ ಒಂದು ಪತ್ರಿ ಸಸಿಯನ್ನು ಮಣ್ಣಿನ ಸಮೇತ ಕಿತ್ತುಕೊಂಡು ಬಂದೆ. ಜೊತೆಗೆ ಒಂದು ಸೀತಾಫಲದ ಸಸಿ. ಎರಡೂ ಒಂದೇ ಚೀಲದಲ್ಲಿ, ಒಂದೇ ಬಸ್ಸಿನಲ್ಲಿ, ನನ್ನ ಮಡಿಲಲ್ಲೇ ಬಂದವು. ಗೇಟಿನ ಎಡಕ್ಕೆ ಪತ್ರಿ, ಬಲಕ್ಕೆ ಸೀತಾಫಲ ನೆಟ್ಟೆವು. ಬೋರ್ಡು ಕೇಳಿದ ಎರಡು ಮರ ಆದವು. ನನ್ನ ಗಂಡ ಬಚ್ಚಲಿನಿಂದ ಪೈಪು ಎಳೆದು, ಎರಡು ಕವಲು ಮಾಡಿ, ಅದರ ಒಂದೊಂದು ಬಾಯನ್ನು ಒಂದೊಂದು ಗಿಡದ ಬುಡಕ್ಕೆ ಬಿಟ್ಟ.

ಮರುದಿನ ಬೆಳಿಗ್ಗೆ ನೋಡಿದರೆ ಎಡಗಡೆಯ ಪೈಪಿನ ಬಾಯಿಗೆ ಅತ್ತೆ ಜೀನ್ಸಿನ ಚಿಂದಿ ತುರುಕಿಬಿಟ್ಟಿದ್ದರು.

"ಸೋಪಿನ ನೀರು, ಮೈಯ್ಯಾಗಿನ ಕೊಳಿ ನೀರು ಕುಡಿದ ಎಲಿ ಶಿವನ ತಲಿ ಮ್ಯಾಲ ಇಡ್ಲೇನು?" ಎಂದರು.

"ನೀರು ಹೋಗಾದು ಬೇರಿಗೆ ಕಣತ್ತೆ, ಎಲೆಗಲ್ಲ. ಮಣ್ಣು ಎಲ್ಲಾನೂ ಸೋಸ್ಕಂತದೆ" ಎಂದೆ.

"ನಿನ್ನ 'ಕಣ' ನಿನ್ನ ಸೀತಾಫಲಕ್ಕ ಹಾಕು" ಎಂದು ನನ್ನ ತವರಿನ ಮಾತನ್ನೇ ಅಣಕಿಸಿ ಒಳಗೆ ಹೋದರು. ಊರಿಗೆಲ್ಲ ಒಂದು ದಾರಿಯಾದರೆ ನಮ್ಮತ್ತೆಗೇ ಒಂದು ದಾರಿ.

ಆ ದಾರಿ ಯಾವುದೆಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು. ಲೇಔಟಿನ ಕಮಿಟಿಗೆ ಹಿರಿಯರೆಂದು ನಿವೃತ್ತ ಶಾಲಾ ಮಾಸ್ತರೊಬ್ಬರಿದ್ದರು. ಹಣೆ ತುಂಬ ವಿಭೂತಿ, ಕಿವಿಗೆ ಮಫ್ಲರು. ಬೆಳಿಗ್ಗೆ ವಾಕಿಂಗಿನ ನೆಪದಲ್ಲಿ ಯಾರ ಮನೆಯ ಮಣ್ಣು ಹಸಿಯಾಗಿದೆ ಎಂದು ನೋಡಿಕೊಂಡು ಹೋಗುವುದು ಅವರ ಅಭ್ಯಾಸ. ಅವತ್ತು ನಮ್ಮ ಪತ್ರಿಯ ಬುಡದಲ್ಲಿ ಬಗ್ಗಿ, ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದರು.

"ಏನಮ್ಮಾ, ಬುಡ ಹಸಿ ಐತಿ. ಸೋಪಿನ ವಾಸನಿನೂ ಇಲ್ಲ."

ಅತ್ತೆ ಮುಖ ಕೊಂಕಿಸದೆ ಹೇಳಿದರು: "ಮಂಜು ಬಿದ್ದೈತ್ರಿ, ಮಾಸ್ತರ."

"ಮಂಜು ಒಂದೇ ಗಿಡಕ್ಕ ಬೀಳ್ತೈತೇನ್ರಿ?"

"ಶಿವನ ಗಿಡ ಅಲ್ಲೇನ್ರಿ? ಬೀಳ್ತೈತಿ."

ಆ ಮಂಜು ಎಲ್ಲಿಂದ ಬಂತೆಂದು ಅತ್ತೆಯ ಪಕ್ಕದಲ್ಲೇ ಇದ್ದ ತಾಮ್ರದ ಬಿಂದಿಗೆ ಹೇಳುತ್ತಿತ್ತು. ನಮ್ಮ ನಲ್ಲಿ ಬಂದ್ ಆಯಿತು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದಿನವಿಡೀ ಮಿಷನ್ ತುಳಿದು ಬಂದು, ಆ ಎರಡು ದಿನ ಪಕ್ಕದ ಬೀದಿಯಿಂದ ನೀರು ಹೊತ್ತವಳು ನಾನು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ? "ನಿಮ್ಮ ಶಿವನ್ನೇ ಬಂದು ಒಂದ್ ಕೊಡ ಹೊರಾಕೆ ಹೇಳಿ" ಎಂದುಬಿಟ್ಟೆ. ಅತ್ತೆ ಇನ್ನೊಂದು ಕೊಡ ಹಿಡಿದು ನನ್ನ ಹಿಂದೆ ಬಂದರು. ಅದನ್ನು ಕಂಡು ನನ್ನ ಸಿಟ್ಟು ಅರ್ಧ ಇಳಿಯಿತು.

ಎರಡನೆಯ ದಿನ ಮಾಸ್ತರರೇ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ಪತ್ರಿಯ ವಿಷಯದಲ್ಲಿ ನಲ್ಲಿ ನಿಲ್ಲಿಸಿದ್ದು ಅವರ ವಿಭೂತಿಗೂ ಕಷ್ಟವಾಗಿತ್ತೆಂದು ಕಾಣುತ್ತದೆ.

"ನೋಡ್ರಿ ಅಮ್ಮಾ, ಸ್ನಾನದ ನೀರು ಬ್ಯಾಡ. ಪೂಜಿ ಮಾಡಿದ ನೀರು ಹಾಕ್ರಿ. ಅಕ್ಕಿ ತೊಳದ ನೀರು, ಸೊಪ್ಪು ತೊಳದ ನೀರು ಹಾಕ್ರಿ. ಅವೂ ಬಳಸಿದ ನೀರೇ. ಅದರಾಗ ಮೈಲಿಗಿ ಏನೈತಿ?"

ಅತ್ತೆ ಒಪ್ಪಿದರು. ಅವತ್ತಿನಿಂದ ನಮ್ಮ ಮನೆಯ ನೀರಿಗೆಲ್ಲ ಅಂತಸ್ತು ಬಂತು. ಲಿಂಗಪೂಜೆಯ ನೀರು ಎಲ್ಲಕ್ಕಿಂತ ಮೇಲು. ಅದರ ಕೆಳಗೆ ಅಕ್ಕಿಯದು, ಬೇಳೆಯದು, ಸೊಪ್ಪಿನದು. ಮುಸುರೆ ನೀರು, ಬಟ್ಟೆಯ ನೀರು, ಸ್ನಾನದ ನೀರು ಬಲಗಡೆಯ ಸೀತಾಫಲಕ್ಕೆ. ತೊಂದರೆ ಏನೆಂದರೆ, ನಮ್ಮದು ಅತ್ತೆ ತಟ್ಟಿದರೆ ಜೋಳದ ರೊಟ್ಟಿ, ನಾನು ತೊಳಸಿದರೆ ರಾಗಿ ಮುದ್ದೆ. ಇವೆರಡರಿಂದಲೂ ಗಿಡಕ್ಕೆ ಒಂದು ಹನಿ ಹುಟ್ಟುವುದಿಲ್ಲ. ಹಾಗಾಗಿ ಮನೆಯಲ್ಲಿ ಎರಡು ಹೊತ್ತೂ ಅನ್ನ ಶುರುವಾಯಿತು. ರೊಟ್ಟಿ ಇಲ್ಲದೆ ಊಟ ಸೇರದ ನನ್ನ ಗಂಡ ಒಂದು ದಿನ ತಟ್ಟೆ ಮುಂದೆ ಕುಳಿತು ಕೇಳಿದ:

"ಯವ್ವಾ, ನನಗ ಹಸಿವು ಅಂತ ಅನ್ನ ಮಾಡ್ತಿಯೋ, ಗಿಡಕ್ಕ ನೀರಡಿಕಿ ಅಂತ ಮಾಡ್ತಿಯೋ?"

"ಎರಡಕ್ಕೂ. ಸುಮ್ನ ಉಣ್ಣು."

ಸೊಪ್ಪನ್ನು ಮತ್ತೆ ಮತ್ತೆ ತೊಳೆಯುತ್ತಿದ್ದರು. ಆ ವರ್ಷ ನಮ್ಮ ಸಾರಿನಲ್ಲಿ ಒಂದು ಮರಳಿನ ಕಣ ಸಿಕ್ಕಿದ್ದು ನೆನಪಿಲ್ಲ.

ಚಳಿಗಾಲ ಹೀಗೇ ಕಳೆಯಿತು. ಬೇಸಿಗೆ ಬಂತು, ಬೋರು ಸೊರಗಿತು. ನಲ್ಲಿ ಬರುವ ದಿನಗಳ ನಡುವೆ ಅಂತರ ಹೆಚ್ಚಿತು. ಅಕ್ಕಿ ತೊಳೆಯುವುದಕ್ಕೂ ಕೈ ಬಿಗಿಹಿಡಿಯಬೇಕಾಯಿತು. ಸ್ನಾನದ ನೀರು ಎಷ್ಟೇ ಕಡಿಮೆಯಾದರೂ ಬಲಗಡೆಗೆ ಸಾಕಾಗುತ್ತಿತ್ತು. ಸೀತಾಫಲ ನಾಚಿಕೆ ಇಲ್ಲದೆ ಆಗಲೇ ಗೇಟಿನ ಅರ್ಧಕ್ಕೆ ಬೆಳೆದು ನಿಂತಿತ್ತು. ಎಡಗಡೆ ಪತ್ರಿ ಎಲೆ ಉದುರಿಸಿತು. "ಇದು ಎಲಿ ಉದುರೂ ಕಾಲ" ಎಂದರು ಅತ್ತೆ. ಅದು ನಿಜವೇ. ಆದರೆ ಆಮೇಲೆ ತುದಿಗಳು ಕಪ್ಪಾಗಿ, ಕಾಂಡದ ಸಿಪ್ಪೆ ಸುಕ್ಕಾಯಿತು. ಅದಕ್ಕೆ ಕಾಲ ಕಾರಣವಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಸಂಜೆಯೆಲ್ಲ ಆ ಗಿಡದ ಹತ್ತಿರವೇ ಕೂರತೊಡಗಿದರು. ಊಟವೂ ಕಡಿಮೆಯಾಯಿತು.

ಅತ್ತೆ ಎಲ್ಲಿಗಾದರೂ ಹೋದಾಗ ಆ ಚಿಂದಿ ಕಿತ್ತು ಪೈಪು ಬಿಡುವುದು ನನಗೆ ಒಂದು ನಿಮಿಷದ ಕೆಲಸ. ನನ್ನ ಗಂಡನೂ ಹಾಗೇ ಮಾಡು ಎಂದ. ಮನಸ್ಸಾಗಲಿಲ್ಲ. ಹೊಸ ಸೊಸೆಯಾಗಿ ಬಂದಾಗ ನನಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ತಾವೇ ತಟ್ಟಿ, ಬಂದ ನೆಂಟರ ಮುಂದೆಲ್ಲ "ನನ್ನ ಸೊಸಿ ಮಾಡ್ಯಾಳ, ನೋಡ್ರಿ, ಎಷ್ಟು ತೆಳ್ಳಗ" ಎಂದು ಹೇಳಿಕೊಂಡ ಹೆಂಗಸು ಅವರು. ಅವರ ಮೇಲೆ ನನಗೆ ತುಂಬ ಪ್ರೀತಿ. ಅಂಥವರ ಬೆನ್ನ ಹಿಂದೆ ಗಿಡ ಉಳಿಸಿದರೆ, ಆ ಎಲೆ ಲಿಂಗಕ್ಕೆ ಏರಿದ ದಿನ ಅವರ ಮುಖ ಹೇಗೆ ನೋಡಲಿ? ಅವರೇ ಹೂಂ ಅನ್ನಬೇಕು, ಇಲ್ಲವೇ ಗಿಡ ಹೋಗಬೇಕು ಎಂದು ಸುಮ್ಮನಿದ್ದೆ.

ಹೊಸ ಜೀನ್ಸ್ ಬಟ್ಟೆ ಬಣ್ಣ ಬಿಡುತ್ತದೆ. ಕಡುನೀಲಿ ಬಟ್ಟೆಯ ಲಾಟು ಬಂದ ದಿನ ಮಿಷನ್ನಿನಿಂದ ಎದ್ದರೆ ಮುಂಗೈಯವರೆಗೂ ನೀಲಿ. ಅಂಥ ಒಂದು ಸಂಜೆ ಮನೆಗೆ ಬಂದೆ. ಅತ್ತೆ ಪತ್ರಿಯ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕುಳಿತಿದ್ದರು. ಬಚ್ಚಲಿಗೆ ಹೋಗುತ್ತಿದ್ದವಳನ್ನು ಕರೆದರು.

"ಯಾಕವ್ವಾ, ಇವತ್ತು ಕೈ ಇಷ್ಟು ನೀಲಿ?"

"ಹೊಸ ಲಾಟು ಅತ್ತೆ. ತೊಳಕಂಡು ಬತ್ತೀನಿ."

ಅವರು ನನ್ನ ಎರಡೂ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸೂಜಿ ಚುಚ್ಚಿದ ಹಳೆಯ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಒಳಗೆ ಹೋಗಿ ಒಂದು ಚೊಂಬು ನೀರು ತಂದರು.

"ಇಲ್ಲೇ ತೊಳಿ."

"ಇಲ್ಲೇನಾ? ಪತ್ರಿ ಬುಡಕ್ಕಾ? ಇದು ಕೊಳೆ ನೀರು ಕಣತ್ತೆ."

"ದುಡದ ಕೈ ಅದು, ನನ್ನವ್ವಾ. ಈ ಕೈ ಇರಲಿಲ್ಲಂದ್ರ ನನಗ ಅಂಗಳ ಎಲ್ಲಿತ್ತು? ಇದನ್ನ ಮೈಲಿಗಿ ಅಂದ್ರ ಶಿವ ನನ್ನ ಬಾಯಿಗೆ ಹೊಡೀತಾನ. ಹಿಡಿ ಕೈ. ಸೋಪು ಮಾತ್ರ ಬ್ಯಾಡ."

ಅವರು ಹನಿ ಹನಿಯಾಗಿ ಸುರಿದರು, ನಾನು ಉಜ್ಜಿಕೊಂಡೆ. ನೀಲಿ ನೀರು ಒಣಮಣ್ಣಿನಲ್ಲಿ ಇಂಗಿತು. ನನಗೆ ಅಳು ತಡೆಯಲಾಗಲಿಲ್ಲ. ಅದೇ ಕೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ನೀಲಿ ಮಾಡಿಕೊಂಡೆ. ಅತ್ತೆ ಎಷ್ಟೋ ದಿನಗಳ ಮೇಲೆ ನಕ್ಕರು. "ನೀಲಕಂಠಗ ಕಂಠ ಅಷ್ಟೇ ನೀಲಿ. ನೀ ಅವನನ್ನೂ ಮೀರಿಸಿದಿ" ಎಂದರು.

ಮಾರನೆಯ ಸಂಜೆಯಿಂದ ಅತ್ತೆ ಚೊಂಬು ಹಿಡಿದು ಗೇಟಿನಲ್ಲೇ ನಿಂತರು. ಯೂನಿಟ್ಟುಗಳಿಂದ ಬರುವ ಬೀದಿಯ ಹೆಂಗಸರನ್ನೆಲ್ಲ ಕೂಗಿ ಕರೆದರು: "ಏ, ಬರ್ರೇ ಇಲ್ಲಿ. ಕೈ ತೊಳಕೊಂಡು ಹೋಗ್ರಿ." ಮೊದಮೊದಲು ನಕ್ಕವರು ಆಮೇಲೆ ತಾವೇ ಬಂದು ನಿಲ್ಲುತ್ತಿದ್ದರು. ತಮ್ಮ ಬಾಟಲಿಯಲ್ಲಿ ಉಳಿದ ನೀರನ್ನೇ ಅದಕ್ಕೆ ತರುತ್ತಿದ್ದರು. ಕೈ ತೊಳೆಯುತ್ತಾ ಅವತ್ತಿನ ಸೂಪರ್‌ವೈಸರನ್ನು ಬೈದು, ಮನೆಗೆ ಹಗುರಾಗಿ ಹೋಗುತ್ತಿದ್ದರು. ಮಾಸ್ತರು ಒಂದು ಸಂಜೆ ನಿಂತು ನೋಡಿದರು. "ಇದಕ್ಕ ನಂದೇನೂ ತಕರಾರಿಲ್ಲ" ಎಂದು ಮಫ್ಲರು ಸರಿ ಮಾಡಿಕೊಂಡು ಹೋದರು. ಬಣ್ಣದ ನೀರು ಗಿಡಕ್ಕೆ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಗಿಡವಂತೂ ಮಳೆ ಬರುವವರೆಗೆ ಜೀವ ಹಿಡಿದುಕೊಂಡಿತು. ಮೊದಲ ಮಳೆಗೆ ಬುಡದಿಂದಲೇ ಹೊಸ ಚಿಗುರು ಬಂತು.

ಚಿಗುರು ಬಂದರೂ ಅತ್ತೆ ಹರಿಯಲಿಲ್ಲ. "ಇನ್ನೂ ಕೂಸು ಅದು" ಎಂದು ವರ್ಷಗಟ್ಟಲೆ ಮುಂದೂಡಿದರು. ಪತ್ರಿಯನ್ನು ಪೇಟೆಯಿಂದಲೇ ತರಿಸುತ್ತಿದ್ದರು. ಗಿಡ ನನ್ನ ತಲೆ ಮುಟ್ಟಿ, ಮುಳ್ಳು ಬಲಿಯಿತು. ಅತ್ತೆಯ ಕಣ್ಣು ಮಂಜಾಗುತ್ತಾ ಬಂತು. ಇನ್ನೂ ಎಷ್ಟು ಕಾಯುತ್ತಾರೆ ಎಂದು ನನಗೇ ಭಯವಾಗುತ್ತಿತ್ತು. ಒಂದು ಶ್ರಾವಣದ ಭಾನುವಾರ, ಹಬ್ಬದ ಆರ್ಡರಿಗಾಗಿ ಅವತ್ತೂ ಕೆಲಸವಿದ್ದು, ಹೊತ್ತು ಮುಳುಗುವ ಮೊದಲೇ ಮನೆಗೆ ಬಂದೆ. ಅತ್ತೆ ಗಿಡದ ಹತ್ತಿರ ನಿಂತಿದ್ದರು.

"ನಾಳೆ ಸೋಮವಾರ. ಸೋಮವಾರ ಪತ್ರಿ ಹರೀಬಾರದು, ಇವತ್ತೇ ಹರಿದು ಇಡಬೇಕು. ನನಗ ಮುಳ್ಳು ಕಾಣಂಗಿಲ್ಲ. ನೀ ಹರಿ."

"ತಾಳತ್ತೆ, ಸ್ನಾನ ಮಾಡ್ಕಂಡು ಬತ್ತೀನಿ."

"ಬ್ಯಾಡ."

"ಕೈನಾದ್ರೂ ತೊಳಕಂತೀನಿ."

"ಅದೂ ಬ್ಯಾಡ. ಆ ಕೈಲೇ ಹರಿ."

ಹರಿದೆ. ಮರುದಿನ ಬೆಳಿಗ್ಗೆ ಅತ್ತೆ ಪೂಜೆಗೆ ಕುಳಿತಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲ ದಳದ ನಡುವಿನ ಎಲೆಯ ಮೇಲೆ ನನ್ನ ಹೆಬ್ಬೆರಳಿನ ನೀಲಿ ಗುರುತು ಹತ್ತಿತ್ತು. ಅತ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಪಕ್ಕದಲ್ಲೇ ಚೊಂಬಿನ ತುಂಬ ನೀರಿತ್ತು. ತೊಳೆಯಲಿಲ್ಲ, ಹಾಗೇ ಏರಿಸಿದರು.