ಅಪ್ಪನ ಮಾತು, ಅವ್ವನ ಪಾಟಿ

ಜನವರಿ ೬, ೧೯೭೪, ರವಿವಾರ. ನಾನು ದಿನದ ಲೆಕ್ಕ ಬರೆದಿಡುವ ವಹಿಯಲ್ಲಿ ಆ ದಿನದ ಎದುರು ಹೀಗೆ ಇದೆ: ಆರಾಧನೆಗೆ ೩೧ ಜನ. ಓದುವಾಗ ಅಪ್ಪನ ಧ್ವನಿ ಎರಡು ಸಲ ಒಡೆಯಿತು. ಚಳಿ ಇರಬೇಕು.

ಚಳಿಯಾಗಿರಲಿಲ್ಲ.

ನಮ್ಮದು ಅಣ್ಣಿಗೇರಿಯಿಂದ ಮೂರು ಮೈಲಿ ಒಳಗಿನ ಊರು. ಕಪ್ಪು ಮಣ್ಣಿನ ಎರಿಹೊಲ, ಹತ್ತಿ, ಗೋದಿ. ಕ್ರೈಸ್ತರ ಮನೆ ಒಂಬತ್ತು. ಪಾದ್ರಿಗಳು ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ರವಿವಾರಗಳಲ್ಲಿ ಬೈಬಲ್ ಓದಿ ಪ್ರಾರ್ಥನೆ ನಡೆಸುತ್ತಿದ್ದವನು ಅಪ್ಪ. ಮನೆಯಲ್ಲಿಯೂ ದಿನಾ ಸಂಜೆ ಅವನೇ ಒಂದು ಅಧ್ಯಾಯ ಓದಬೇಕು, ಅದೂ ಸಾಲಾಗಿ. ಬರೀ ಹೆಸರುಗಳೇ ಇರುವ ಅಧ್ಯಾಯವನ್ನೂ ಹಾರಿಸುತ್ತಿರಲಿಲ್ಲ. ಅವ್ವನಿಗೆ ಓದು ಬಾರದು. ಅವಳ ಬೈಬಲ್ ಇದ್ದದ್ದು ಅಪ್ಪನ ಗಂಟಲಲ್ಲಿ.

ಫೆಬ್ರವರಿಯ ಹೊತ್ತಿಗೆ ಆ ಗಂಟಲಿನಿಂದ ಹೊರಡುತ್ತಿದ್ದದ್ದು ಹರಿದ ಅರಿವೆಯಂಥ ಸದ್ದು. ಕೆಮ್ಮು ನಿಲ್ಲಲಿಲ್ಲ. ತೂಕ ಒಂಬತ್ತು ಪೌಂಡ್ ಇಳಿಯಿತು. ರೈಲಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದೆವು. ಎಕ್ಸ್‌ರೇ ಆಯಿತು, ಕಫದ ಟೆಸ್ಟ್ ಆಯಿತು. ಫೆಬ್ರವರಿ ೧೮ರಂದು ಡಾಕ್ಟರು ಕಾಗದ ನೋಡುತ್ತಲೇ ಹೇಳಿದರು.

"ಟಿ.ಬಿ. ಅದ. ಎದಿಯಾಗೂ ಅದ, ಧ್ವನಿಪೆಟಿಗಿಯೊಳಗೂ ಅದ."

ಅಪ್ಪನಿಗೆ ನಲವತ್ತಾರು ವರ್ಷ. ಅವನು ಕೇಳಿದ್ದು ಒಂದೇ: "ಧ್ವನಿ ಬರತೈತೇನ್ರಿ?"

"ಜೀವಕ್ಕ ಔಷಧ ಅದ. ಧ್ವನಿ ಬಗ್ಗೆ ಈಗ ಏನೂ ಹೇಳಂಗಿಲ್ಲ. ಮೂರು ತಿಂಗಳ ಮಾತಾಡಬ್ಯಾಡ್ರಿ."

ತೊಂಬತ್ತು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಹದಿನೆಂಟು ತಿಂಗಳು ಗುಳಿಗೆ. ವಹಿಯಲ್ಲಿ ತೊಂಬತ್ತು ಚೌಕ ಹಾಕಿದೆ. ದಿನಾ ಮುಂಜಾನೆ ಚಕ್ಕಡಿಯಲ್ಲಿ ಅಣ್ಣಿಗೇರಿಗೆ ಹೋಗಿ ಚುಚ್ಚಿಸಿಕೊಂಡು ಬರುವುದು, ಬಂದ ಕೂಡಲೇ ನಾನು ಒಂದು ಚೌಕ ತುಂಬುವುದು. ಅಪ್ಪನ ತಾಟು, ಲೋಟ ಬೇರೆ ಮಾಡಿದೆವು. ಬಾಜು ಮನೆಯ ಗಂಗವ್ವ ಮಜ್ಜಿಗೆ ತಂದವಳು ಬಾಗಿಲಲ್ಲೇ ನಿಂತು ಅವ್ವನಿಗೆ ಅಂದಳು: "ಮೂರ ತಿಂಗಳ ಮಾತಿಲ್ಲಂತ? ನಮ್ಮನಿಯವರನ್ನೂ ಆ ಡಾಕ್ಟರ್ ಕಡೆ ಕಳಸ್ತೀನಿ, ಅಡ್ರೆಸ್ ಕೊಡವಾ."

ಅವ್ವ ಬಹಳ ದಿನಗಳ ಮೇಲೆ ನಕ್ಕಳು.

ತಪ್ಪು ಮಾಡಿದ್ದು ನಾವೇ. ಮಾತಾಡಬಾರದು ಅಂದರೆ ಗಟ್ಟಿಯಾಗಿ ಮಾತಾಡಬಾರದು ಎಂದುಕೊಂಡೆವು. ಸಂಜೆಯ ಅಧ್ಯಾಯ ನಿಲ್ಲುವುದನ್ನು ನಮ್ಮ ಮೂವರಲ್ಲಿ ಯಾರಿಗೂ ಊಹಿಸಲಾಗಲಿಲ್ಲ. ಅಪ್ಪ ಪಿಸುದನಿಯಲ್ಲಿ ಓದಿದ. ನಾನೂ ಅವ್ವನೂ ಕಿವಿ ಹತ್ತಿರ ತಂದು ಕೂತೆವು. ಓದಿದ ಲೆಕ್ಕಕ್ಕೆ ವಹಿಯಲ್ಲಿ ದಿನಕ್ಕೊಂದು ಗೀಟು ಎಳೆದೆ. ಮಾರ್ಚ್ ೪ರಂದು ಡಾಕ್ಟರು ಗಂಟಲಲ್ಲಿ ಕನ್ನಡಿ ಇಟ್ಟು ನೋಡಿದರು. ಬಾವು ಹೆಚ್ಚಾಗಿತ್ತು. ನಾನು ಹೆಮ್ಮೆಯಿಂದ ವಹಿ ತೋರಿಸಿದೆ.

"ಈ ಹದಿಮೂರ ಗೀಟು ಎದರವು?"

ಹೇಳಿದೆ.

"ತಂಗಿ, ಪಿಸುಗುಡೂದು ಒದರೂದಕ್ಕಿಂತ ಕೆಟ್ಟ. ನಿಮ್ಮಪ್ಪನ ಗಂಟಲಾ ಹದಿಮೂರ ದಿನಾ ತಿಕ್ಕೀರಿ."

ಹದಿಮೂರೂ ಗೀಟು ನನ್ನ ಕೈಯವು.

ಅಂದಿನಿಂದ ಅಪ್ಪನ ಕೈಗೆ ಶಾಲೆಯ ಪಾಟಿ ಬಂತು. ಅವನು ಬಳಪದಲ್ಲಿ ಬರೆಯುತ್ತಿದ್ದ, ನಾನು ಅವ್ವನಿಗೆ ಓದಿ ಹೇಳುತ್ತಿದ್ದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ನಡುವೆ ಎಲ್ಲ ಮಾತೂ ನನ್ನ ಬಾಯಿಂದ. ಬೈಬಲ್ ಕೂಡ ನನ್ನ ಪಾಲಿಗೆ ಬಂತು. ಹದಿಮೂರು ಗೀಟುಗಳ ತಪ್ಪು ಒಳಗೇ ಕೊರೆಯುತ್ತಿತ್ತು. ಯಾರಿಗೂ ಹೇಳದೆ ದೇವರೊಂದಿಗೆ ಒಂದು ಕರಾರು ಮಾಡಿಕೊಂಡೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ೨೬೦ ಅಧ್ಯಾಯ. ದಿನಕ್ಕೆ ಮೂರರಂತೆ ಎಂಬತ್ತೇಳು ದಿನ. ನಾನು ಮುಗಿಸಿದರೆ ನೀನು ಅಪ್ಪನ ಧ್ವನಿ ಕೊಡಬೇಕು. ಅದರ ಮೊದಲ ಪುಸ್ತಕ ಮತ್ತಾಯನ ಒಂದನೆಯ ಅಧ್ಯಾಯದಿಂದ ಶುರು ಮಾಡಿ, ಜೋಳ ರಾಶಿ ಮಾಡುವವಳಂತೆ ಭರಭರ ಓದಿದೆ.

ಮಾರ್ಚ್ ೧೮. ಆ ದಿನದ ಮೂರನೆಯ ಅಧ್ಯಾಯ ಲೂಕನ ಮೊದಲನೆಯದು. ಎಂಬತ್ತು ವಚನ. ಓಡುತ್ತಿದ್ದೆ. ಮಗ ಹುಟ್ಟುವನೆಂದು ದೇವದೂತ ಹೇಳಿದರೂ ನಂಬದೆ ಮಾತು ಕಳೆದುಕೊಂಡ ಮುದುಕ ಜಕರೀಯನ ಕಥೆ. ಕೂಸಿಗೆ ಹೆಸರಿಡುವ ದಿನ ಅವನು ಹಲಗೆ ಕೇಳಿ ಪಡೆದು, ಯೋಹಾನ ಎಂದು ಬರೆಯುತ್ತಾನೆ.

"ತಡಿ," ಅಂದಳು ಅವ್ವ. ಅವಳ ಮುಂದೆ ಮೊರದಲ್ಲಿ ತೊಗರಿಬೇಳೆ ಇತ್ತು. "ಆತನ ಹೇಣ್ತಿಗೆ ಓದಾಕ ಬರ್ತಿತ್ತೇನು?"

"ಅದನ್ನ ಬರದಿಲ್ಲಬೇ."

"ಹಲಗಿ ತರೂಕಿಂತ ಮೊದಲ ಯೋಹಾನ ಅಂದಾಕಿ ಆಕೀನ ಅಂತ ಓದಿದೆಲ್ಲ ಈಗ? ಆತಗ ಮಾತಿಲ್ಲ. ಆಕಿಗೆ ಹೆಂಗ ಗೊತ್ತಾತು? ನಿನ್ನಂಥಾ ಮಗಳೂ ಇರಲಿಲ್ಲ ಆಕಿಗೆ."

ತಿರುಗಿ ನೋಡಿದೆ. ಹೌದು, ಜಕರೀಯನ ಹೆಂಡತಿ ಎಲಿಸಬೇತಳೇ ಮೊದಲು ಹೇಳಿದ್ದಾಳೆ. ಆ ಅಧ್ಯಾಯವನ್ನು ಹಿಂದೆ ಏಳು ಸಲ ಓದಿದ್ದೇನೆಂದು ವಹಿ ಹೇಳುತ್ತದೆ. ಏಳರಲ್ಲಿ ಒಮ್ಮೆಯೂ ನಾನು ಆ ಹೆಂಗಸಿನ ಅಡುಗೆಮನೆಯೊಳಗೆ ಹೋಗಿರಲಿಲ್ಲ; ಮಾತಿಲ್ಲದ ಗಂಡನ ಜೊತೆ ಅವಳು ಅಷ್ಟು ತಿಂಗಳು ಹೇಗೆ ಬದುಕಿದಳು ಎಂದು ಕೇಳಿರಲಿಲ್ಲ.

ಅಪ್ಪ ಪಾಟಿ ಎಳೆದುಕೊಂಡು "ಗೊತ್ತಿಲ್ಲ" ಎಂದು ಬರೆದ. ಓದಿ ಹೇಳಿದೆ. ಅವನು ಅದನ್ನು ಒರೆಸಿ, ಪಾಟಿಯ ತುಂಬ ಒಂದೇ ಅಕ್ಷರ ಬರೆದು ಅವ್ವನ ಮುಂದೆ ಇಟ್ಟ.

ಅ.

"ಈ ವಯಸ್ಸಿನ್ಯಾಗ ನನಗ ಸಾಲಿ ಕಲಸ್ತೀರೇನು," ಅಂದಳು ಅವ್ವ. ಆದರೆ ಮೊರ ಬದಿಗೆ ಸರಿಸಿದಳು.

ಮೂರು ಅಧ್ಯಾಯದ ಓಟ ಅಲ್ಲಿಗೆ ನಿಂತಿತು. ಸಂಜೆ ಮೊದಲು ಪಾಟಿ, ಆಮೇಲೆ ಓದು. ಅವ್ವ ಹತ್ತು ವಚನಕ್ಕೊಮ್ಮೆ ತಡೆಯುವಳು. ಕಳೆದುಹೋದ ಒಂದು ಕುರಿ ಹುಡುಕಲು ಹೋದವನು ಉಳಿದ ತೊಂಬತ್ತೊಂಬತ್ತನ್ನು ಯಾರ ಮೇಲೆ ಬಿಟ್ಟ? ಅಪ್ಪ ಉತ್ತರ ಬರೆಯುವನು, ಕೆಲವು ಸಲ ಬರೆದದ್ದನ್ನು ಒರೆಸಿ ಸುಮ್ಮನೆ ಯೋಚಿಸುವನು. ಮಾತಾಡುವಾಗ ಅವನು ಇಷ್ಟು ಯೋಚಿಸಿದ್ದನ್ನು ನಾನು ಕಂಡಿರಲಿಲ್ಲ.

ಮೇ ೧೨ರ ಮಧ್ಯಾಹ್ನ ಊಟಕ್ಕೆ ಕೂತ ಅಪ್ಪ ಪಾಟಿಯಲ್ಲಿ ಏನೋ ಬರೆದ. ನಾನು ಎಂದಿನಂತೆ "ಪಲ್ಯ ಚಲೋ ಆಗೇತಂತ" ಅಂದೆ. ಅವ್ವ ಬಗ್ಗಿ, ಬೆರಳಿಟ್ಟು, ತುಟಿ ಅಲ್ಲಾಡಿಸಿ ಓದಿದಳು.

"ಉ... ಪ್ಪು... ಕ... ಡಿ... ಮೆ."

ಅವ್ವ ತಲೆ ಎತ್ತಿದಳು.

"ದಿನಾ ಇದನ್ನ ಬರದೀರೇನು? ಈಕಿ ದಿನಾ ಚಲೋ ಆಗೇತಿ ಅಂತಿದ್ಲಲ್ಲ!"

ಅಪ್ಪ ಸದ್ದಿಲ್ಲದೆ, ಭುಜ ಕುಣಿಸಿ ನಕ್ಕ. ಕಣ್ಣಲ್ಲಿ ನೀರು ಬಂತು. ಅವ್ವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಅವಳು ತಾನಾಗಿ ಓದಿದ ಮೊದಲ ಸಾಲು ಅದು.

ಆ ಗುದ್ದಿನ ಧೈರ್ಯದಲ್ಲೇ ದೇವರೊಂದಿಗಿನ ನನ್ನ ಕರಾರನ್ನೂ ಹೇಳಿಬಿಟ್ಟೆ, ಅದು ಈಗ ಮುಗಿಯುವುದಿಲ್ಲ ಎಂಬುದನ್ನೂ.

"ದೇವರ ಜೋಡಿ ಪಣಾ ಕಟ್ಟಿದ್ಯೇನ ಲೇ?" ಅಂದಳು ಅವ್ವ. "ಪುಣ್ಯಾಕ ಸೋತಿ."

ಮೇ ೧೯ರಂದು ತೊಂಬತ್ತನೆಯ ಚೌಕ ತುಂಬಿತು. ಜೂನ್ ೩ರಂದು ಮತ್ತೆ ಹುಬ್ಬಳ್ಳಿಗೆ ಹೋದೆವು. ಕಫದಲ್ಲಿ ಈಗ ಏನೂ ಇಲ್ಲ. ಕನ್ನಡಿ ತೆಗೆದ ಡಾಕ್ಟರು "ಅಂ ಅನ್ರಿ" ಅಂದರು. ಅಪ್ಪ ಅಂದ. ಒರಟಾದ, ಸಣ್ಣ ಸದ್ದು, ಆದರೆ ಧ್ವನಿ. ದಿನಕ್ಕೆ ಐದೇ ನಿಮಿಷ ಎಂದು ಅಪ್ಪಣೆಯಾಯಿತು. ನನ್ನ ಲೆಕ್ಕದಲ್ಲಿ ೨೬೦ಕ್ಕೆ ೭೯ ಅಧ್ಯಾಯ ಆಗಿತ್ತು. ಕರಾರು ಮುರಿದವಳು ನಾನು. ಆದರೂ ಧ್ವನಿ ಕೊಟ್ಟವನು ದೇವರು. ಅದಕ್ಕೆ ಯಾವ ಕಾಲಮ್ ಹಾಕಬೇಕೆಂದು ನನಗೆ ಇನ್ನೂ ತಿಳಿದಿಲ್ಲ.

ಈಗ ನವೆಂಬರ್. ಗುಳಿಗೆ ಇನ್ನೂ ಒಂಬತ್ತು ತಿಂಗಳಿವೆ. ಐದು ನಿಮಿಷ ಈಗ ಅರ್ಧ ತಾಸಾಗಿದೆ. ಮೊದಲಿನ ಧ್ವನಿ ಪೂರ್ತಿ ಬರಲಿಕ್ಕಿಲ್ಲವಂತೆ. ರವಿವಾರಗಳಲ್ಲಿ ಅಪ್ಪ ಪ್ರಾರ್ಥನೆ ಮಾಡುತ್ತಾನೆ, ನಾನು ಓದುತ್ತೇನೆ. ನಮಗೆ ಇಷ್ಟು ಸಾಕಾಗಿದೆ.

ಆದರೆ ಜೂನ್ ೩ರ ಸಂಜೆಯದು ಹೇಳಬೇಕು. ಯೋಹಾನನ ಪುಸ್ತಕದ ಹನ್ನೆರಡನೆಯ ಅಧ್ಯಾಯವನ್ನು ತೆರೆದಿಟ್ಟಿದ್ದೆ. ಅಪ್ಪ ಅವ್ವನ ಕಡೆ ತಿರುಗಿ ಬಾಯಿ ತೆರೆದ. ಅವಳು ಕೈ ಅಡ್ಡ ಮಾಡಿದಳು.

"ನನ್ನ ಪಾಲಿಂದು ಪಾಟಿ ಮ್ಯಾಲ ಬರೀರಿ. ಬಾಯಿಂದು ಓದಾಕ ಇರಲಿ."

ಅಪ್ಪ ಬರೆದ. ಎರಡು ಸಾಲು. ಪಾಟಿಯನ್ನು ನನಗೆ ಕೊಡದೆ ಅವಳಿಗೇ ಕೊಟ್ಟ. ಅವ್ವ ಬೆರಳಿಟ್ಟು ಬಹಳ ಹೊತ್ತು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ನಾನು ಕತ್ತು ಚಾಚುವಷ್ಟರಲ್ಲಿ ಸೆರಗಿನಿಂದ ಒರೆಸಿಬಿಟ್ಟಳು.

"ಏನ ಬರದಾನಬೇ?"

"ಉಪ್ಪಿನ ಸುದ್ದಿ," ಅಂದಳು. "ಪುಸ್ತಕಾ ನಿಮ್ಮಪ್ಪನ ಮುಂದ ಇಡು. ಐದ ನಿಮಿಷ ಹೊಂಟಾವು."