ಸೂಜಿ ಹುಡುಕುವ ಕೆನ್ನೆ

ನಮ್ಮತ್ತೆಗೆ ಗೊಂಬೆ ಕಾರ್ಖಾನೆಯಲ್ಲಿ ಕೆಲಸ. ಹೊಲಿದ ಬಟ್ಟೆಗೊಂಬೆಗಳನ್ನು ಬೆಳಗಿನಿಂದ ಸಂಜೆವರೆಗೆ ಒಂದೊಂದಾಗಿ ಹಿಸುಕಿ, ಒಳಗೆ ಮುರಿದ ಸೂಜಿ ಉಳಿದಿದೆಯಾ ಅಂತ ನೋಡಬೇಕು. ನನಗಾದರೆ ಅರ್ಧ ದಿನಕ್ಕೇ ತಲೆ ಕೆಟ್ಟುಹೋಗುತ್ತಿತ್ತು. ಒಮ್ಮೆ ಅವರ ಕೈ ಹಿಸುಕುತ್ತಲೇ ಇತ್ತಂತೆ, ಮನಸ್ಸು ಎಲ್ಲೋ ಅಲೆಯುತ್ತಿತ್ತಂತೆ. ಅವರು ಪಾಸು ಮಾಡಿದ ಗೊಂಬೆಯಿಂದಲೇ ಪಕ್ಕದವಳು ಸೂಜಿ ಎಳೆದು ತೋರಿಸಿದಳಂತೆ. ಅವತ್ತಿನಿಂದ ಪ್ರತಿ ಗೊಂಬೆಯನ್ನೂ ಕೆನ್ನೆಗೆ ಒತ್ತಿ ನೋಡಿಯೇ ಕಳಿಸುತ್ತಾರೆ.

"ಮುದ್ದು ಮಾಡೋಕಾ ನಿಮಗೆ ಸಂಬಳ ಕೊಡೋದು?" ಎಂದು ಮೇಸ್ತ್ರಿ ರೇಗಿದನಂತೆ.

"ಕೈಗೆ ಬೇಜಾರಾಗುತ್ತಪ್ಪಾ. ಕೆನ್ನೆಗೆ ಹೆದರಿಕೆ ಇರುತ್ತೆ," ಅಂದರಂತೆ.

ಹಾಳಾದ ಆ ಹೆದರಿಕೆ ಕಾರ್ಖಾನೆಯಲ್ಲೇ ಬಿದ್ದಿರಬಾರದಾ? ಸಂಜೆ ನನ್ನ ಮಗಳು ಓಡಿಬಂದು ಅಜ್ಜಿಯ ಕೆನ್ನೆಗೆ ಕೆನ್ನೆ ಒತ್ತುತ್ತಾಳೆ. ಅತ್ತೆ ಉಸಿರು ಬಿಗಿಹಿಡಿದು, ಚುಚ್ಚುವುದನ್ನೇ ಕಾಯುತ್ತಾರೆ.